ಕೆಂದ ಪಾಕಿಸ್ತಾನವಾದ ಕಾರಹುಣ್ಣಿಮೆ

ಕಾರ್ಗಿಲ್ ಯುದ್ಧದ ಅರ್ಧವನ್ನು ನಮ್ಮ ಚಹಾದಂಗಡಿಯಲ್ಲೇ ಗೆದ್ದದ್ದು. ಉಳಿದರ್ಧ ಎಲ್ಲೋ ಮೇಲೆ ಹಿಮದಲ್ಲಿ ನಡೆಯಿತಂತೆ, ಅದನ್ನು ನಾನು ನೋಡಿಲ್ಲ. ನಮ್ಮಲ್ಲಿ ನಡೆದದ್ದನ್ನಂತೂ ಕಣ್ಣಾರೆ ಕಂಡಿದ್ದೇನೆ. ಆ ಸೈನ್ಯಕ್ಕೆಲ್ಲ ಚಹಾ ಕಾಸಿ ಕೊಟ್ಟವಳು ನಾನೇ.

ನನ್ನ ಹೆಸರು ಸಿದ್ದಲಿಂಗವ್ವ. ಸವದತ್ತಿ ತಾಲೂಕಿನ ನಮ್ಮೂರಿಗೆ ಬೈಲಹೊಂಗಲದಿಂದ ಮುಂಜಾನೆ ಒಂದು, ಸಂಜೆ ಒಂದು ಬಸ್ಸು ಬರುತ್ತದೆ. ಬಸ್ಸು ನಿಲ್ಲುವುದು ಅಗಸಿಯ ಎದುರಿಗೆ, ಅಂದರೆ ಊರೊಳಗೆ ಹೋಗುವ ಹಳೇ ಕಲ್ಲಿನ ಬಾಗಿಲ ಎದುರಿಗೆ. ಅದರ ಮಗ್ಗುಲಿಗೇ ನಮ್ಮ ಅಂಗಡಿ. ಅಂಗಡಿ ಅಂದರೆ ಒಲೆಯ ಮುಂದೆ ನಾನು, ಟಿ.ವಿ.ಯ ಮುಂದೆ ನನ್ನ ಗಂಡ ಗಂಗಯ್ಯ. ಕ್ರಿಕೆಟ್ ವಿಶ್ವಕಪ್ಪಿಗೆಂದು ತಂದ ಟಿ.ವಿ. ಅದು. ಅದರಲ್ಲೇ ಯುದ್ಧವೂ ಬಂತು, ನಮ್ಮ ಗಂಡಸರು ಎರಡಕ್ಕೂ ಒಂದೇ ಥರ ಸಿಳ್ಳೆ ಹೊಡೆದರು.

ಧಾರವಾಡದಾಚೆ ಕಾಲಿಡದ ನನ್ನ ಗಂಡ ಆಗ ದಿನಾ ಮುಂಜಾನೆ ಬಜಿಯ ತಟ್ಟೆಯಲ್ಲಿ ಹಿಮಾಲಯ ಕಟ್ಟುತ್ತಿದ್ದ. ದೊಡ್ಡ ಮೆಣಸಿನಕಾಯಿ ಬಜಿ ಅಂದರೆ ವೈರಿ ಕುಂತ ಗುಡ್ಡ, ಚಟ್ನಿ ಅಂದರೆ ನಮ್ಮ ಫೌಜು. "ಇಲ್ಲಿಂದ ಹತ್ತಬಾರದು, ಹಿಂದಿನಿಂದ ಹತ್ತಬೇಕು. ದಿಲ್ಲಿ ಮಂದಿಗೆ ಇಷ್ಟೂ ತಿಳೀದಂದ್ರ ಏನ್ ಮಾಡೂದು?" ಅನ್ನುತ್ತಿದ್ದ. ಅವನು ಜೀವಮಾನದಲ್ಲಿ ಹತ್ತಿದ ಎತ್ತರ ಅಂದರೆ ನಮ್ಮ ಮಾಳಿಗೆ, ಅದೂ ಮೆಣಸಿನಕಾಯಿ ಒಣಹಾಕಲು. ಇನ್ನು ಊರ ಹಿರಿಯರು ಕೂತರೆಂದರೆ ಮಾತು ಸೀದಾ ಕಿತ್ತೂರಿಗೆ ಹೋಗುತ್ತಿತ್ತು. ನಮ್ಮ ಮುತ್ತ್ಯಾನ ಮುತ್ತ್ಯಾ ಕಿತ್ತೂರಿನ ಕಾಳಗದಲ್ಲಿ ಕತ್ತಿ ಹಿಡಿದಿದ್ದ ಅಂತ ಹೇಳದವರು ಈ ಕಡೆ ಒಬ್ಬರೂ ಇಲ್ಲ. ಇವರ ಮುತ್ತ್ಯಾಗಳೆಲ್ಲ ಅಲ್ಲಿದ್ದದ್ದು ನಿಜವಾದರೆ ಇಂಗ್ಲಿಷರಿಗೆ ನಿಲ್ಲಲಿಕ್ಕೆ ಜಾಗವೇ ಇರುತ್ತಿರಲಿಲ್ಲ. ಹಾಗಾದರೆ ಸೋತವರು ಯಾರು ಅಂತ ಒಮ್ಮೆ ಕೇಳಿದ್ದಕ್ಕೆ ಗಂಗಯ್ಯ ಎರಡು ದಿನ ಮಾತು ಬಿಟ್ಟ. ಆ ಎರಡು ದಿನ ಅಂಗಡಿ ಚೆಂದ ನಡೆಯಿತು.

ಇಷ್ಟೆಲ್ಲ ಯುದ್ಧ ಮಾಡುವ ಊರಿನಿಂದ ನಿಜವಾದ ಯುದ್ಧಕ್ಕೆ ಹೋದವನು ಒಬ್ಬನೇ. ಕರೆವ್ವನ ಮಗ ಲಕ್ಷ್ಮಣ.

ಕರೆವ್ವ ನನ್ನ ಓರಗೆಯವಳು. ಗಂಡ ಸತ್ತು ಬಹಳ ವರ್ಷ ಆಗಿತ್ತು. ನಾಲ್ಕು ಎಕರೆ ಎರೆಹೊಲ, ಒಂದೇ ಎತ್ತು. ನಮ್ಮದೂ ಒಂದೇ ಎತ್ತು. ಒಂಟಿ ಎತ್ತಿನಿಂದ ಏನೂ ಆಗದು, ಹೀಗಾಗಿ ಒಂಟೆತ್ತಿನವರು ಇಬ್ಬರು ಕೂಡಿ ಜೋಡಿ ಮಾಡಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಇಂದು ನಿಮ್ಮ ಹೊಲ, ನಾಳೆ ನಮ್ಮ ಹೊಲ. ನಾವು ಅಯ್ಯನವರು, ಅವರು ಕುರುಬರು. ಉಣ್ಣುವ ಪಂಕ್ತಿ ಬೇರೆ, ನೊಗ ಒಂದೇ. ಅವರ ಕೆಂದು ಬಣ್ಣದ ಎತ್ತು ಕೆಂದ ನೊಗದ ಎಡಕ್ಕೆ, ನಮ್ಮ ಬಿಳಿ ಎತ್ತು ಬೆಳ್ಯಾ ಬಲಕ್ಕೆ. ಹೊಡೆಯುವವನು ಲಕ್ಷ್ಮಣ. ಅವನು ಬೆಳಗಾವಿಗೆ ಹೋಗಿ ಫೌಜಿಗೆ ಸೇರಿದ ಮೇಲೆ ಕರೆವ್ವ ಸೀರೆ ಕಚ್ಚೆ ಹಾಕಿ ತಾನೇ ಕುಂಟೆ ಹಿಡಿದಳು. ಹೆಂಗಸು ಹಿಂಗ ಮಾಡಿದರೆ ಮಳೆ ಹೋಗುತ್ತದೆ ಅಂತ ಊರು ಗೊಣಗಿತು. ಆ ವರ್ಷ ಹಳ್ಳ ತುಂಬಿ ಮೂರು ಮನೆಯ ಹಿತ್ತಲ ಗೋಡೆ ಬಿದ್ದವು, ಊರು ಬಾಯಿ ಮುಚ್ಚಿತು.

ಸಾಲಿನ ಕೊನೆಗೆ ಬಂದಾಗ ಅವಳು ಎತ್ತುಗಳಿಗೆ "ಹೊಳ್ಳೋ ತಮ್ಮಾ, ಹೊಳ್ಳೋ..." ಅಂತ ರಾಗ ಎಳೆಯುತ್ತಿದ್ದಳು. ಬಾರುಕೋಲು ಬರೀ ಕೈಯಲ್ಲಿರುವುದು, ಬೀಸಿದ್ದು ನಾ ಕಂಡಿಲ್ಲ. ದನಿ ಕೇಳಿದ್ದೇ ತಡ ಎರಡೂ ಹೆಗಲಿಗೆ ಹೆಗಲು ಹಚ್ಚಿ ತಿರುಗುತ್ತಿದ್ದವು. ನನ್ನ ಗಂಡ ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಒಮ್ಮೆಯೂ ಹಾಗೆ ತಿರುಗಿಲ್ಲ.

ಹಿಂದಿನ ವರ್ಷ ನಾವು ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು ಬೆಳ್ಯಾನನ್ನು ಮಾರಿದೆವು. ಕೊಂಡವನು ದುಂಡಪ್ಪ. ಬೈಲಹೊಂಗಲದ ಪ್ಯಾಟಿಯಲ್ಲಿ ಅವನದು ಹತ್ತಿಯ ದಲಾಲಿ ಅಂಗಡಿ, ನಮ್ಮೂರಲ್ಲಿ ಎರಡಂತಸ್ತಿನ ಮನೆ, ಮೈತುಂಬ ಎಮ್ಮೆಲ್ಲೆ ಆಗುವ ಬೇನೆ. ಅಷ್ಟರೊಳಗೆ ಮೂರು ಪಾರ್ಟಿ ತಿರುಗಿ ಬಂದಿದ್ದ. ಪ್ರತಿ ಸಲವೂ ತಾನು ನಿಂತಲ್ಲೇ ನಿಂತಿದ್ದೇನೆ, ಪಾರ್ಟಿಗಳೇ ಜರುಗಿದವು ಅನ್ನುತ್ತಿದ್ದ. ಬೆಳ್ಯಾನನ್ನು ಅವನು ಕೊಂಡದ್ದು ದುಡಿಸಲಿಕ್ಕಲ್ಲ, ಅಂಗಳದಲ್ಲಿ ಕಟ್ಟಿ ಬಂದವರಿಗೆ ತೋರಿಸಲಿಕ್ಕೆ.

ಆ ಮೇ ತಿಂಗಳಲ್ಲಿ ಲಕ್ಷ್ಮಣ ಊರಿನ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿದ. "ಅವ್ವಾ, ಮ್ಯಾಲ ಹೋಗಾಕತ್ತೇವಿ. ಅಲ್ಲಿ ಫೋನ್ ಇರಂಗಿಲ್ಲ" ಅಂದನಂತೆ. ಅಷ್ಟೇ. ಆಮೇಲೆ ಸುದ್ದಿ ಇಲ್ಲ. ಕರೆವ್ವ ಯಾರ ಮುಂದೂ ಅಳಲಿಲ್ಲ. ಗಂಡಸರು ಟಿ.ವಿ. ನೋಡಿ ಸಿಳ್ಳೆ ಹೊಡೆಯುವಾಗ ಅವಳು ಬಾಗಿಲ ಹೊರಗೆ ನಿಂತು, ಹೆಣದ ಪೆಟ್ಟಿಗೆಯ ಮೇಲಿನ ಹೆಸರನ್ನು ಯಾರಾದರೂ ಓದಿ ಹೇಳುತ್ತಾರೇನೋ ಅಂತ ಕಿವಿಗೊಟ್ಟು, ಹೋಗುತ್ತಿದ್ದಳು. ಅದನ್ನು ನೋಡಿದಾಗ ನನಗೆ ಆ ಟಿ.ವಿ.ಯನ್ನೇ ಒಲೆಗೆ ಇಡಬೇಕು ಅನಿಸುತ್ತಿತ್ತು.

ಜೂನಿನಲ್ಲಿ ಕಾರಹುಣ್ಣಿಮೆ ಹತ್ತಿರ ಬಂತು. ನಮ್ಮಲ್ಲಿ ಅಂದು ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮಾರುತಿ ಗುಡಿಯಿಂದ ಅಗಸಿಯವರೆಗೆ ಓಡಿಸುತ್ತಾರೆ. ಅಗಸಿಗೆ ಅಡ್ಡ ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲು ಸಿಗಿಸಿದ ಹಗ್ಗ ಕಟ್ಟಿರುತ್ತಾರೆ. ಅದೇ ಕರಿ. ಅದನ್ನು ಮೊದಲು ಕೆಂದೆತ್ತು ಹರಿದರೆ ಮುಂಗಾರಿ ಪೀಕು ಚಲೋ, ಬಿಳಿಯೆತ್ತು ಹರಿದರೆ ಹಿಂಗಾರಿ ಬಿಳಿಜೋಳ ಚಲೋ. ಇಷ್ಟೇ ಇದರ ಶಾಸ್ತ್ರ. ಜೋಳದ ಸುದ್ದಿ ಬಿಟ್ಟು ಬೇರೆ ಯಾವ ಸುದ್ದಿಯನ್ನೂ ಎತ್ತುಗಳಿಗೆ ನಾವು ಕೇಳಿದ್ದಿಲ್ಲ.

ದುಂಡಪ್ಪ ಒಂದು ಸಂಜೆ ಜೀಪಿನಿಂದಿಳಿದು ನಮ್ಮಂಗಡಿಯಲ್ಲಿ ಸಭೆ ಕೂಡಿಸಿದ.

"ಈ ಸಲ ಬರೇ ಎರಡ ಎತ್ತು ಓಡಸೂಣು," ಅಂದ. "ಒಂದು ಭಾರತ, ಒಂದು ಪಾಕಿಸ್ತಾನ. ಭಾರತ ಕರಿ ಹರೀತಂದ್ರ ನಾವು ಯುದ್ಧಾ ಗೆದ್ದಂಗ. ಬೈಲಹೊಂಗಲದಿಂದ ಪೇಪರನವ್ರು ಫೋಟೋ ಹೊಡ್ಯಾಕ ಬರತಾರ."

"ಭಾರಿ ಆತ್ರಿ ಸಾವಕಾರ್ರ!" ಅಂದ ನನ್ನ ಗಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ, ಎತ್ತು ಯುದ್ಧ ಗೆಲ್ಲುತ್ತದೆ ಅಂದರೆ ಬಿಡುತ್ತಾರೆಯೇ? ಎಲ್ಲರೂ ಹೌದೆಂದು ಗೋಣು ಹಾಕಿದರು.

"ಭಾರತ ನನ್ನ ಬೆಳ್ಯಾ. ಅದು ಬರೋಬ್ಬರಿ," ಅಂದ ದುಂಡಪ್ಪ. "ಇನ್ನ ಪಾಕಿಸ್ತಾನ. ಯಾರ ಎತ್ತು ಕೊಡತೀರಿ?"

ಅಂಗಡಿಯಲ್ಲಿ ಬಸಿಗೆ ಸುರುವಿದ ಚಹಾ ಸೊರ್ ಅನ್ನುವ ಸಪ್ಪಳವೂ ನಿಂತಿತು. ಅಷ್ಟೊತ್ತು ದೇಶಕ್ಕಾಗಿ ಪ್ರಾಣ ಕೊಡಲು ತಯಾರಿದ್ದವರು ಎತ್ತು ಕೊಡಲು ತಯಾರಿರಲಿಲ್ಲ. ಒಬ್ಬನ ಎತ್ತಿಗೆ ಆಗಿಂದಾಗಲೇ ಕಾಲುನೋವು ಬಂತು. ಇನ್ನೊಬ್ಬನದು ಕೋಡು ಅಲ್ಲಾಡುತ್ತಿತ್ತು. ದುಂಡಪ್ಪನ ಬಾಲ ಹಿಡಿದು ತಿರುಗುವ ಪರಸಪ್ಪನ ಹಟ್ಟಿಯಲ್ಲಿ ನಾಲ್ಕು ಎತ್ತು. "ಎತ್ತಂದ್ರ ಬಸವಣ್ಣ ಅಲ್ರಿ? ಬಸವಣ್ಣಗ ಪಾಕಿಸ್ತಾನ ಅಂದು ಹೋದ್ರ ನಮ್ಮವ್ವ ಮನಿಯೊಳಗ ಕರಕೊಳ್ಳಂಗಿಲ್ಲ" ಅಂದ. "ರಾಮದುರ್ಗ ಕಡಿಂದ ಒಂದು ಬಾಡಿಗಿ ತರೂಣೇನ್ರಿ? ಅವು ನಮಗೇನ್ ಸಂಬಂಧ ಇಲ್ಲ" ಅಂದ ನನ್ನ ಗಂಡ. ರಾಮದುರ್ಗ ನನ್ನ ತವರು. ಅಂದು ಅವನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಆಗ ಪರಸಪ್ಪ ಮೂಲೆಯ ಕಡೆ ನೋಡಿ ಅಂದ, "ದಾವಲಸಾಬಂದು ಒಂದು ಕೆಂದೆತ್ತು ಐತೆಲ್ಲ."

ದಾವಲಸಾಬ ಊರ ಎತ್ತುಗಳಿಗೆಲ್ಲ ನಾಲ ಬಡಿಯುವವನು. ಈ ಊರಿನಲ್ಲಿ ಅವನ ಕೈಯೊಳಗೆ ಗೊರಸು ಇಡದ ಎತ್ತೇ ಇಲ್ಲ. ಮೊಹರಮ್ಮಿಗೆ ಅವರ ದೇವರನ್ನು ಹೊತ್ತು ಕುಣಿಯುವವನು ಇದೇ ಪರಸಪ್ಪ. ದಾವಲಸಾಬ ಚಹಾ ಅರ್ಧಕ್ಕೇ ಬಿಟ್ಟ. ಕಪ್ಪು ಕೆಳಗಿಟ್ಟು ಏಳಲು ಹೊರಟ. ಗಂಡಸರೆಲ್ಲ ಬಂದ್ ಇದ್ದ ಟಿ.ವಿ.ಯನ್ನು ನೋಡತೊಡಗಿದರು. ನನ್ನ ಗಂಡನೂ ನೋಡಿದ. ನನಗೆ ಮೈಯೆಲ್ಲ ಉರಿಯಿತು, ಸವುಟು ಹಿಡಿದುಕೊಂಡೇ ಎದ್ದೆ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ದನಿ ಬಂತು. ಕರೆವ್ವ ಚಹಾಪುಡಿ ಒಯ್ಯಲು ಬಂದಿದ್ದಳು.

"ನನ್ನ ಕೆಂದನ್ನ ಬರಕೊಳ್ರಿ," ಅಂದಳು. "ನಮ್ಮನಿ ಎತ್ತಿಗೆ ನೀವು ಏನ್ ಹೆಸರ ಇಟ್ರೂ ಅದು ತಿನ್ನೂದು ಕಣಕೀನ. ದಾವಲಣ್ಣಾ, ನೀ ಚಾ ಕುಡಿ."

ಫೌಜಿನವನ ತಾಯಿ ಹೇಳಿದ ಮೇಲೆ ಯಾರು ಏನು ಅಂದಾರು? ದುಂಡಪ್ಪ ಚಪ್ಪಾಳೆ ಹೊಡೆಸಿದ. ದಾವಲಸಾಬ ಚಹಾ ಕುಡಿದು, ಅವಳಿಗೆ ಕೈಮುಗಿದು ಹೋದ.

ಮರುದಿನ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಕರೆವ್ವ ಬಂದು ಒಲೆಯ ಮಗ್ಗುಲಿಗೆ ಕುಂತಳು. ಮೋತಿ ಬಾಡಿತ್ತು.

"ಅಕ್ಕಾರ, ಸಿಟ್ಟಿನ್ಯಾಗ ಮಾತು ಕೊಟ್ಟಬಿಟ್ಟೆ. ಹರಕಿ ನೆಪ್ಪೇ ಹಾರಿತ್ತು."

"ಯಾವ ಹರಕಿ?"

"ಲಕ್ಷ್ಮಣನ ಸುದ್ದಿ ನಿಂತ ಮ್ಯಾಲ ಮಾರುತಿ ದೇವರ ಮುಂದ ಹೊತ್ತೇನ್ರಿ. ಕೆಂದನ್ನ ಕರುವಿದ್ದಾಗಿಂದ ಜೋಪಾನ ಮಾಡಿದಾಂವ ಅವನ. ಈ ಕಾರಹುಣ್ಣಿವಿಗೆ ಕೆಂದ ಕರಿ ಹರಿದ್ರ ನನ್ನ ಮಗ ಉಳೀತಾನ ಅಂತ ತಿಳೀತೇನಿ, ಗುಡಿಗೆ ಗಂಟಿ ಕಟ್ಟಸ್ತೇನಿ ಅಂದೇನಿ. ಈಗ ಕೆಂದ ಗೆದ್ರ ಪಾಕಿಸ್ತಾನ ಗೆದ್ದಂಗ ಅಂತಾರ. ಅದು ಗೆದ್ರ ಮ್ಯಾಲಿದ್ದ ನನ್ನ ಮಗ ಏನಾಗಬೇಕ್ರಿ? ಸೋತ್ರ ನನ್ನ ಹರಕಿ ಸೋತಂಗ. ಎತ್ತು ಓಡಸ್ಲ್ಯೋ, ಹಿಡೀಲ್ಯೋ?"

ಇಂಥ ವಿಷಯದಲ್ಲಿ ನನಗೆ ನಂಬಿಕೆ ಕಡಿಮೆ. ದೇವರು ಎತ್ತಿನ ಕಾಲಿನಲ್ಲಿ ಚೀಟಿ ಕಳಿಸುವುದಿಲ್ಲ ಅಂತ ಹೇಳಬಹುದಿತ್ತು. ಆದರೆ ಅವಳ ಕಣ್ಣು ನೋಡಿ ಆ ಮಾತು ಬಿಟ್ಟು ಒಂದು ಕಪ್ಪು ಚಹಾ ಸೋಸಿ ಅವಳ ಮುಂದಿಟ್ಟೆ. ಕೂಲಿಕುಂಬಳಿ ಮಾಡುವ ಹೆಂಗಸು, ನಿದ್ದೆಗೆಟ್ಟು, ಮಗನ ಜೀವವನ್ನು ಒಂದು ಎತ್ತಿನ ಕೊರಳಿಗೆ ಕಟ್ಟಿಕೊಂಡು ಬದುಕಿದ್ದಳು. ದುಂಡಪ್ಪ ಬಂದು ಅದೇ ಕೊರಳಿಗೆ ವೈರಿಯ ಹೆಸರು ಕಟ್ಟಿ ಹೋಗಿದ್ದ.

ಇಬ್ಬರೂ ದುಂಡಪ್ಪನ ಮನೆಗೆ ಹೋದೆವು. ಹೆಸರು ಬದಲಿ ಮಾಡು, ಇಲ್ಲವೇ ಎಂದಿನಂತೆ ಎಲ್ಲರ ಎತ್ತೂ ಓಡಲಿ ಅಂತ ಕೇಳಿಕೊಂಡೆವು.

"ಹ್ಯಾಂಡಬಿಲ್ ಅಚ್ಚಾಗ್ಯಾವ ಕರೆವ್ವಾ," ಅಂದ. ಆಮೇಲೆ ದನಿ ಇಳಿಸಿ, "ಅದಕ್ಯಾಕ ಚಿಂತಿ? ಅಗಸಿ ಹತ್ರ ಬಂದಾಗ ಹಗ್ಗಾ ಒಂಚೂರು ಜಗ್ಗಿ ಹಿಡಸು, ಮುಗೀತು. ದೇಶದ ಪ್ರಶ್ನಿ ಐತಿ."

"ದೇಶಕ್ಕ ಮಗನ್ನ ಕೊಟ್ಟೇನ್ರಿ," ಅಂದಳು ಕರೆವ್ವ. "ಎತ್ತಿನ ಕಾಲೂ ಕೊಡಬೇಕೇನು?"

ದುಂಡಪ್ಪನಿಗೆ ಎರಡು ಗಂಡುಮಕ್ಕಳು. ಒಬ್ಬ ಬೈಲಹೊಂಗಲದ ಅಂಗಡಿಯ ಗಾದಿಯ ಮೇಲೆ, ಇನ್ನೊಬ್ಬ ಕಾಲೇಜಿನ ಕಟ್ಟೆಯ ಮೇಲೆ. ಈ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು, ಆಡಿಯೂ ಬಿಟ್ಟೆ. ಅವನು ಒಳಗೆದ್ದು ಹೋದ. ಅವನ ಹೆಂಡತಿ ಮಾತ್ರ ನಮಗಿಬ್ಬರಿಗೂ ಕುಂಕುಮದ ಬಟ್ಟಲು ತಂದು, ಕರೆವ್ವನ ಹಣೆ ನೋಡಿ ನೆನಪಾಗಿ, ಬಟ್ಟಲು ಕೆಳಗಿಟ್ಟು ಕೈಗೆ ಬೆಲ್ಲ ಕೊಟ್ಟಳು.

ಕಾರಹುಣ್ಣಿಮೆಯ ದಿನ ಅಗಸಿಯ ಮಗ್ಗುಲಿಗೆ ಟ್ರ್ಯಾಕ್ಟರಿನ ಟ್ರೇಲರು ನಿಲ್ಲಿಸಿ ಅದಕ್ಕೆ ಶಾಮಿಯಾನಾ ಕಟ್ಟಿದರು. ಮೇಲೆ ಕುರ್ಚಿ, ಕುರ್ಚಿಯಲ್ಲಿ ದುಂಡಪ್ಪ, ದುಂಡಪ್ಪನ ಕೊರಳಲ್ಲಿ ಇನ್ನೂ ಗೆಲ್ಲದ ಯುದ್ಧದ ಹಾರ. ಪೇಪರಿನ ಹುಡುಗ ಕ್ಯಾಮೆರಾ ಹಿಡಿದು ಕೆಳಗೆ ನಿಂತಿದ್ದ. ಬೆಳ್ಯಾನ ಕೋಡಿಗೆ ಕೇಸರಿ, ಬಿಳಿ, ಹಸಿರು ಬಳಿದಿದ್ದರು. ಭಾರತಕ್ಕೆ ಶಕ್ತಿ ಬರಲೆಂದು ಮುಂಜಾನೆಯಿಂದ ಊರ ಮಂದಿ ಮನೆಮನೆಯಿಂದ ತತ್ತಿ, ಒಳ್ಳೆಣ್ಣೆ ತಂದು ಬಿದಿರಿನ ಗೊಟ್ಟದಿಂದ ಅದರ ಗಂಟಲಿಗೆ ಹೊಯ್ದಿದ್ದರು. ನಮ್ಮಂಗಡಿಯಿಂದಲೂ ಆರು ತತ್ತಿ ಹೋದವು. ಅಯ್ಯನವರ ಮನೆಯಲ್ಲಿ ತತ್ತಿ ಎಲ್ಲಿಂದ ಬಂದವು ಅಂತ ಕೇಳಬೇಡಿ, ದೇಶದ ಪ್ರಶ್ನೆ.

ಕೆಂದನ ಕೋಡಿಗೆ ಹಸಿರು ಬಣ್ಣ ಹಚ್ಚಲು ಕರೆವ್ವ ಬಿಡಲಿಲ್ಲ. ಎಂದಿನಂತೆ ಕೆಂಪು ಮಣ್ಣಿನ ಹುರಮಂಜೇ ಹಚ್ಚಿದಳು. ಪರಸಪ್ಪ ಬಂದು ಅದರ ಕೊರಳಿಗೆ ಒಂದು ಹಸಿರು ಬಟ್ಟೆ ಕಟ್ಟಿ ಹೋದ. ಗುಡಿಯ ಮುಂದೆ ಕಾಯುವಷ್ಟರಲ್ಲಿ ಕೆಂದ ಅದನ್ನು ಹುಲ್ಲೆಂದು ತಿಳಿದು ಅರ್ಧ ತಿಂದಿತ್ತು.

ಕೆಂದನ ಹಗ್ಗವನ್ನು ಮೈದುನ ಹಣಮಂತಪ್ಪನ ಕೈಗೆ ಕೊಟ್ಟು ಕರೆವ್ವ ಅಗಸಿಗೆ ಬಂದು ನನ್ನ ಮಗ್ಗುಲಿಗೆ ನಿಂತಳು. "ಹಣಮಂತಗ ಏನ್ ಹೇಳಿದಿ? ಓಡಸು ಅಂದ್ಯೋ, ಹಿಡಿ ಅಂದ್ಯೋ?" ಅಂದೆ. "ಏನೂ ಹೇಳಿಲ್ರಿ" ಅಂದಳು. ಅವಳ ಕೈ ಹಿಡಿದುಕೊಂಡೆ.

ಹಲಗೆ ಬಡಿದರು. ಎರಡನ್ನೂ ಬಿಟ್ಟರು. ಬೆಳ್ಯಾ ಮೊದಲು ಬಾಣದಂತೆ ಬಂತು. ಜನ "ಭಾರತ, ಭಾರತ" ಅಂತ ಕುಣಿದರು. ನನ್ನ ಗಂಡ ಅಂಗಡಿಯ ಬೆಂಚಿನ ಮೇಲೆ ಹತ್ತಿ ಟವೆಲ್ಲು ಬೀಸುತ್ತಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಊರ ತತ್ತಿಗಳೆಲ್ಲ ತಮ್ಮ ಕೆಲಸ ಮಾಡಿದವು. ಭಾರತ ನಡುದಾರಿಯಲ್ಲಿ ನಿಂತು ಬಾಲ ಎತ್ತಿತು. ಹಿಂದೆ ಓಡುತ್ತಿದ್ದ ದೇಶಭಕ್ತರು ಚದುರಿದರು. ಪರಸಪ್ಪ ಬಹಳ ಹತ್ತಿರವಿದ್ದ, ಪಾಪ.

ಅಷ್ಟರಲ್ಲಿ ಹಿಂದಿನಿಂದ ಕೆಂದ ಬಂತು. ಬೆಳ್ಯಾ ಕಿವಿ ಹಿಂದೆ ಮಾಡಿ ಆ ಗೆಜ್ಜೆಯ ಸಪ್ಪಳ ಕೇಳಿತು. ಕೆಂದ ಅದನ್ನು ದಾಟಿ ಹೋಗಬಹುದಿತ್ತು, ದಾರಿ ಖಾಲಿ ಇತ್ತು. ಹೋಗಲಿಲ್ಲ. ಸೀದಾ ಅದರ ಎಡಮಗ್ಗುಲಿಗೆ ಬಂದು ಹೆಗಲಿಗೆ ಹೆಗಲು ಹಚ್ಚಿತು. ಒಂದು ವರ್ಷದಿಂದ ಅವು ಜೋಡಿಯಾಗಿ ನಿಂತದ್ದಿಲ್ಲ. ನಮಗ್ಯಾರಿಗೂ ಅದು ತಲೆಗೆ ಹೊಳೆದೇ ಇರಲಿಲ್ಲ. ನಾಲ್ಕು ವರ್ಷ ಒಂದೇ ನೊಗಕ್ಕೆ ಹೂಡಿದ ಎತ್ತುಗಳನ್ನು ಬಿಡಿಸಿ ಒಂದಕ್ಕೆ ಭಾರತ, ಒಂದಕ್ಕೆ ಪಾಕಿಸ್ತಾನ ಅಂತ ಹೆಸರಿಟ್ಟಿದ್ದೆವು.

ಎರಡೂ ಕೂಡಿಯೇ ಹೊರಟವು, ಕೂಡಿಯೇ ಓಟಕ್ಕೆ ಬಿದ್ದವು. ಹೊಡೆಯುವವರು ಎಷ್ಟು ಕಿರುಚಿದರೂ ಒಂದು ಕೊಂಬಿನಷ್ಟೂ ಹಿಂದುಮುಂದು ಇಲ್ಲ. ಅಗಸಿ ಹತ್ತಿರ ಬಂತು. ಕರೆವ್ವ ನನ್ನ ಕೈ ಬಿಡಿಸಿಕೊಂಡಳು. ನಾನು ಅವಳ ಮೋತಿ ನೋಡಿದೆ. ಗೆದ್ದರೂ ಸೋತರೂ ಮಗ ಹೋಗುವ ಲೆಕ್ಕದಲ್ಲಿ ಸಿಕ್ಕವಳ ಮೋತಿ ಅದು, ನೋಡಬಾರದು ಅಂಥದನ್ನು. ಅವಳು ಕರಿಯ ಕೆಳಗೆ, ನಡುದಾರಿಗೆ ಹೋಗಿ ನಿಂತಳು.

"ಹೊಳ್ಳೋ ತಮ್ಮಾ!" ಅಂತ ಕೂಗಿದಳು. "ಹೊಳ್ಳೋ... ಹೊಳ್ಳೋ!"

ಅಷ್ಟು ಗದ್ದಲದಲ್ಲೂ ಎತ್ತುಗಳಿಗೆ ಅದು ಕೇಳಿತು. ಕರಿ ಇನ್ನೊಂದು ಮಾರು ಇತ್ತು. ಕೆಂದ ಎಡಗಾಲು ಊರಿ ನಿಂತಿತು, ಬೆಳ್ಯಾ ಹೊರಗಿನಿಂದ ಸುತ್ತು ಹಾಕಿತು, ಹೊಲದ ತುದಿಯಲ್ಲಿ ತಿರುಗುವ ಹಾಗೆ ಎರಡೂ ತಿರುಗಿದವು. ಸುತ್ತು ಹಾಕುವಾಗ ಬೆಳ್ಯಾನ ಸೊಂಟ ಟ್ರೇಲರಿಗೆ ಬಡಿಯಿತು. ಕುರ್ಚಿ ಒಂದು ಕಡೆ, ಹಾರ ಒಂದು ಕಡೆ, ಎಮ್ಮೆಲ್ಲೆ ಆಗುವವನು ಇನ್ನೊಂದು ಕಡೆ. ಎತ್ತುಗಳು ಬಂದ ದಾರಿಯಲ್ಲೇ ವಾಪಸು ಹೊರಟಿದ್ದು ನೋಡಿ ಹಿಂದಿನ ಜನವೆಲ್ಲ ಓಡಿ ಗಟಾರ ಹಾರಿದರು. ನನ್ನ ಗಂಡ ಬೆಂಚಿನಿಂದ ಇಳಿಯುವಾಗ ಗಟಾರವನ್ನು ಹಾರಲಿಲ್ಲ, ಅದರೊಳಗೇ ಇಳಿದ. ಎತ್ತುಗಳು ಮಾತ್ರ ಯಾರನ್ನೂ ಮುಟ್ಟದೆ, ಸಾವಕಾಶ ನಡೆದು, ಕರೆವ್ವನ ಹಟ್ಟಿಯ ಮುಂದೆ ಹೋಗಿ ನಿಂತವು.

"ಯಾರ ಕೂಗಿದವ್ರು?" ದುಂಡಪ್ಪ ಧೋತರ ಹಿಡಿದುಕೊಂಡು ಎದ್ದ.

"ನಾನ," ಅಂದಳು ಕರೆವ್ವ.

"ದೇಶದ್ರೋಹ ಇದು! ಗೆಲ್ಲೂ ಭಾರತಾನ ಹೊಳ್ಳಿಸಿದೆಲ್ಲ!"

"ಎರಡನ್ನೂ ಹೊಳ್ಳಿಸೇನ್ರಿ. ನನಗ ಯಾರೂ ಗೆಲ್ಲೂದು ಬ್ಯಾಡ, ಯಾರೂ ಸೋಲೂದು ಬ್ಯಾಡ. ನನ್ನ ಮಗ ಮನಿಗೆ ಬರಬೇಕು." ಅಷ್ಟು ಹೇಳಿ ಅಗಸಿಯ ಕಲ್ಲಿಗೆ ಒರಗಿ ಕುಂತಳು. ಆಗ ಮೊದಲ ಸಲ ಎಲ್ಲರ ಮುಂದೆ ಅತ್ತಳು. ದಾವಲಸಾಬ ಬಂದು ಒಂದು ತಂಬಿಗೆ ನೀರು ಕೊಟ್ಟ. ದುಂಡಪ್ಪ ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಕ್ಯಾಮೆರಾ ಇನ್ನೂ ಅಲ್ಲೇ ಇತ್ತು.

ಕರಿ ಹಾಗೇ ಉಳಿಯಿತು. ಎತ್ತು ಹರಿಯದ ಕರಿಯನ್ನು ಮನುಷ್ಯರು ಬಿಚ್ಚಬಾರದು ಅಂದರು ಕೆಲವರು. ಬಿಚ್ಚದಿದ್ದರೆ ಮಳೆ ನಿಲ್ಲುತ್ತದೆ ಅಂದರು ಕೆಲವರು. ನಮ್ಮೂರಲ್ಲಿ ಎರಡು ಅಭಿಪ್ರಾಯ ಇದ್ದ ಕೆಲಸ ಎಂದೂ ಆಗಿಲ್ಲ. ಹಗ್ಗ ಮಳೆಗೆ ನೆನೆದು ಜೋತುಬಿತ್ತು, ತೊಪ್ಪಲು ಉದುರಿತು, ಕೊಬ್ಬರಿಯನ್ನು ಕಾಗೆಗಳು ಒಯ್ದವು. ಊರ ಮಂದಿ ಅದರ ಕೆಳಗೆ ತಲೆ ಬಗ್ಗಿಸಿ ಓಡಾಡಿದರು, ಮೇವಿನ ಗಾಡಿಗಳು ಕೆರೆಯ ಕಡೆಯಿಂದ ಸುತ್ತಿ ಬಂದವು.

ಜುಲೈ ಕೊನೆಗೆ ಯುದ್ಧ ಗೆದ್ದೆವು ಅಂತ ಟಿ.ವಿ.ಯಲ್ಲಿ ಬಂತು. ನನ್ನ ಗಂಡ ತನ್ನ ಬಜಿಯ ಲೆಕ್ಕವೇ ಖರೆ ಆಯಿತು ಅಂದ. ಆಗಸ್ಟಿನಲ್ಲಿ ಬೂತಿನವನು ಓಡಿ ಬಂದು, ಲಕ್ಷ್ಮಣ ದವಾಖಾನೆಯಿಂದ ಫೋನು ಮಾಡಿದ್ದ, ಜೀವಕ್ಕೇನೂ ಧೋಕಾ ಇಲ್ಲ ಅಂದ. ಕರೆವ್ವ ಹೊಲದಲ್ಲಿದ್ದಳು, ದನಿ ಅವಳ ಕಿವಿಗೆ ಬೀಳಲಿಲ್ಲ. ನಾನು ಹೋಗಿ ಹೇಳಿದರೆ, "ಫೋನಿನ್ಯಾಗ ಯಾರರ ಮಾತಾಡಬಹುದ್ರಿ ಅಕ್ಕಾರ. ಕಣ್ಣಿಗೆ ಕಂಡ ದಿನ ಖರೆ" ಅಂದು ಮತ್ತೆ ಕಳೆ ಕೀಳತೊಡಗಿದಳು.

ಅಷ್ಟರಲ್ಲಿ ಚುನಾವಣೆ. ದುಂಡಪ್ಪನಿಗೆ ಮೂರೂ ಪಾರ್ಟಿಯವರು ಟಿಕೆಟ್ ಕೊಡಲಿಲ್ಲ, ಸ್ವತಂತ್ರ ನಿಂತ. ತಿರುಗಿ ನಿಂತ ಎತ್ತು ಅಂಗಳದಲ್ಲಿದ್ದರೆ ಅಪಶಕುನ ಅಂತ ಅವನಿಗೆ ಯಾರೋ ಹೇಳಿದರು. ಬೆಳ್ಯಾನನ್ನು ತಂದು ಕರೆವ್ವನ ಹಟ್ಟಿಯ ಮುಂದೆ ಕಟ್ಟಿಸಿ, "ದೇಶಕ್ಕ ಆಗದ್ದು ನನಗೂ ಬ್ಯಾಡ" ಅಂದ. ನಾನು ಕಂಡ ಹಾಗೆ ಅವನು ಜೀವಮಾನದಲ್ಲಿ ಮಾಡಿದ ಏಕೈಕ ಸಮಾಜಸೇವೆ ಅದು. ಮತ ಕೇಳಲು ಊರೊಳಗೆ ಬರುವಾಗಲೂ ಆ ಕರಿಯ ಕೆಳಗೆ ತಲೆ ಬಗ್ಗಿಸಿಯೇ ಬಂದ. ಅವನ ಭಾಷಣದಲ್ಲಿ ಮಾತ್ರ ಬೆಳ್ಯಾ ಕರಿ ಹರಿದೇ ಬಿಟ್ಟಿತ್ತು. ಠೇವಣಿ ಹೋಯಿತು.

ಮಹಾನವಮಿಯ ಮುಂದೆ, ಹಿಂಗಾರಿ ಬಿತ್ತುವ ಕಾಲ. ಮುಂಜಾನೆಯ ಬಸ್ಸಿನಿಂದ ಒಬ್ಬ ಎತ್ತರದ ಮನುಷ್ಯ ಇಳಿದ. ತಲೆಯ ಮೇಲೆ ಕಪ್ಪು ಬಣ್ಣದ ಟ್ರಂಕು, ಎಡಗಾಲು ಊರುವಾಗ ಸ್ವಲ್ಪ ಕುಂಟು. ಗುರುತು ಹಿಡಿದು ನಾನು ಕೂಗುವಷ್ಟರಲ್ಲಿ ಸೀದಾ ಅಗಸಿಗೆ ನಡೆದ. ಟ್ರಂಕಿನ ಮೂಲೆ ಕರಿಗೆ ಸಿಕ್ಕಿತು. ಕೊಳೆತ ಹಗ್ಗ ಪಟ್ಟನೆ ಹರಿದು ಅವನ ಹೆಗಲ ಮೇಲೆ ಬಿತ್ತು.

ಅಂಗಡಿಯಲ್ಲಿ ಕುಂತವರೆಲ್ಲ ಎದ್ದು ನಿಂತರು.

"ಇದೇನ್ ದೊಡ್ಡವ್ವಾ," ಅಂದ ಲಕ್ಷ್ಮಣ, ಹಗ್ಗ ಕೈಯಲ್ಲಿ ಹಿಡಿದು. "ಕಾರಹುಣ್ಣಿವಿ ಕರಿ ಇನ್ನೂ ಹಂಗ ಐತೆಲ್ಲ? ಯಾರೂ ಹರಿಲಿಲ್ಲೇನು?"

"ನಿಮ್ಮವ್ವ ನಿನಗ ಬಿಟ್ಟಿದ್ಲೋ" ಅಂದೆ.

ಗಂಡಸರು ಮುತ್ತಿಕೊಂಡರು. ಗುಡ್ಡ ಹ್ಯಾಂಗ ಹತ್ತಿದಿರಿ, ಹಿಂದಿನಿಂದಲೋ ಮುಂದಿನಿಂದಲೋ? ವೈರಿ ಹ್ಯಾಂಗಿದ್ದ? ದಿಲ್ಲಿಯವರು ಮಾಡಿದ್ದು ಬರೋಬ್ಬರಿಯೋ ತಪ್ಪೋ? ನನ್ನ ಗಂಡ ಬಜಿಯ ತಟ್ಟೆಯನ್ನೇ ತಂದು ಮುಂದಿಟ್ಟ. ಎರಡೂವರೆ ತಿಂಗಳು ಊರಿಗೆ ಊರೇ ಆಡಿದ ಮಾತಿಗೆ ಈಗ ಉತ್ತರ ಹೇಳುವ ಮನುಷ್ಯ ಬಂದಿದ್ದ. ಅವನು ತಟ್ಟೆ ನೋಡಿದ. "ಥಂಡಿ ಭಾಳ ಇತ್ರಿ" ಅಂದ. ಕಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು, ಅದನ್ನೂ ಕೇಳಿದ ಮೇಲೆಯೇ ಹೇಳಿದ. ಒಂದು ಬಜಿ ತಿಂದು, "ಅವ್ವ ಎಲ್ಲ್ಯದಾಳ?" ಅಂದ. ಅವನು ತಿಂದದ್ದು ಅದೇ ದೊಡ್ಡ ಗುಡ್ಡ.

ಟ್ರಂಕನ್ನು ನಮ್ಮಲ್ಲೇ ಇಡಿಸಿ ನಾನೂ ಅವನ ಹಿಂದೆ ಹೊಲಕ್ಕೆ ಹೋದೆ. ಒಲೆಯ ಮೇಲೆ ಹಾಲಿತ್ತು, ಉಕ್ಕಿದರೆ ಉಕ್ಕಲಿ.

ಕರೆವ್ವ ಕೂರಿಗೆ ಹೊಡೆಯುತ್ತಿದ್ದಳು. ಎಡಕ್ಕೆ ಕೆಂದ, ಬಲಕ್ಕೆ ಬೆಳ್ಯಾ, ಹಿಂದೆ ಬೀಜ ಬಿಡುತ್ತ ದಾವಲಸಾಬನ ಹೆಂಡತಿ. ಆಚೆ ತುದಿಯಿಂದ ನಮ್ಮ ಕಡೆಗೇ ಸಾಲು ಬರುತ್ತಿತ್ತು. ಲಕ್ಷ್ಮಣ ಬದುವಿನ ಮೇಲೆ ನಿಂತ. ಕೂಗಲಿಲ್ಲ. ಅವಳು ತಲೆ ಎತ್ತಿ ನೋಡಿದಳು, ಕಂಡಳು. ಓಡಿ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಕೂರಿಗೆ ಕೈಬಿಟ್ಟರೆ ಸಾಲು ಡೊಂಕಾಗುತ್ತದೆ. ಹಾಗೇ ನಡೆದಳು, ಕಣ್ಣು ಮಾತ್ರ ಮಗನ ಮೇಲೆಯೇ.

ಎತ್ತುಗಳು ಸಾಲಿನ ತುದಿಗೆ ಬಂದು ನಿಂತವು. ಅವಳ ದನಿಗೆ ಕಿವಿ ಹಿಂದೆ ಮಾಡಿ ಕಾದವು. ಕರೆವ್ವ ಬಾಯಿ ತೆರೆದಳು. ದನಿ ಹೊರಡಲೇ ಇಲ್ಲ. ಇನ್ನೊಮ್ಮೆ ತೆರೆದಳು. ಕೈ ಮಾತ್ರ ಕೂರಿಗೆಯ ಹಿಡಿಕೆ ಬಿಡಲಿಲ್ಲ.

ಲಕ್ಷ್ಮಣ ಬದುವಿನಿಂದಿಳಿದು ಕುಂಟುತ್ತ ಹೋಗಿ ಅವಳ ಕೈಯ ಪಕ್ಕ ತನ್ನ ಕೈ ಇಟ್ಟ.

"ಹೊಳ್ಳೋ ತಮ್ಮಾ," ಅಂದ.

ಎರಡೂ ಹೊಳ್ಳಿದವು.